ಬರಬೇಕಾಗಿದ್ದ ಫಾರಂ

ನಾನು ನೌಕರಿಗೆ ಸೇರಿದಾಗ ನಮ್ಮ ಕಚೇರಿಯ ಬೋರ್ಡಿನ ಮೇಲೆ ಮುಂಬಯಿ ಸರ್ಕಾರದ ಹೆಸರಿತ್ತು. ಕೆಲವೇ ತಿಂಗಳಲ್ಲಿ ರಾಜ್ಯಗಳ ಏಕೀಕರಣವಾಗಿ ಹುಬ್ಬಳ್ಳಿ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಸೇರಿದವು. ಪೇಂಟರ್ ಬಂದು ಹಳೆಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದು ಹೋದ. ಹೊಸ ಹೆಸರು ಬರೆಸಲು ಮಂಜೂರಿ ಬರಬೇಕಾಗಿತ್ತು, ಹೀಗಾಗಿ ಬಹಳ ದಿನ ಆ ಬೋರ್ಡು ಬಿಳಿಯಾಗಿಯೇ ನೇತಾಡಿತು. ಹುಡುಕಿಕೊಂಡು ಬರುವವರಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ತೆರಿಗೆ ಕಚೇರಿ ಎಲ್ಲಿದೆ ಎಂಬುದು ಊರಿನ ವ್ಯಾಪಾರಿಗಳಿಗೆಲ್ಲ ಚೆನ್ನಾಗಿ ಗೊತ್ತಿತ್ತು.

ನಾನು ಅಲ್ಲಿ ಟೈಪಿಸ್ಟ್; ಆ ಕಚೇರಿಗೆ ಬಂದ ಮೊದಲ ಹೆಣ್ಣುಮಗಳು. ನನಗಾಗ ಇಪ್ಪತ್ತು ವರ್ಷ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ನಾನು ನೌಕರಿ ಹಿಡಿದ ವರ್ಷವೇ ಅವನು ತನ್ನ ಜೊತೆಗಾರರೊಂದಿಗೆ ಬೌದ್ಧ ದೀಕ್ಷೆ ತೆಗೆದುಕೊಂಡ. ಮನೆಯಲ್ಲಿ ದೇವರ ಜಗಲಿ ಇದ್ದ ಜಾಗಕ್ಕೆ ಒಂದು ಕಪಾಟು ಬಂತು, ಅದರಲ್ಲಿ ನನ್ನ ಶಾರ್ಟ್‌ಹ್ಯಾಂಡ್ ಪುಸ್ತಕಗಳು ಸೇರಿದವು. ನಾವು ಯಾವ ಜನ ಎಂಬುದು ನಾನು ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಅಲ್ಲಿ ಎಲ್ಲರಿಗೂ ತಿಳಿದಿತ್ತು.

ಹೆಡ್ ಕ್ಲಾರ್ಕ್ ಧಾರವಾಡದವರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಐವತ್ತು ದಾಟಿತ್ತು. ಕರಿ ಟೊಪ್ಪಿಗೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಕೈಯಲ್ಲಿ ಮುಚ್ಚಳವಿರುವ ತಾಮ್ರದ ತಂಬಿಗೆ. ದಿನವೂ ಬೆಳಗಿನ ಗಾಡಿಗೆ ಧಾರವಾಡದಿಂದ ಬಂದು ಸಂಜೆಯ ಗಾಡಿಗೆ ತಿರುಗಿ ಹೋಗುತ್ತಿದ್ದರು. ತಂಬಿಗೆಯಲ್ಲಿ ಅವರ ಮನೆಯ ನೀರು. ಮೊದಲು ಅವರೂ ಎಲ್ಲರಂತೆ ಕಚೇರಿಯ ಕೊಡದ ನೀರನ್ನೇ ಕುಡಿಯುತ್ತಿದ್ದರಂತೆ. ತಂಬಿಗೆ ಬಂದದ್ದು ನಾನು ಬಂದ ಮೇಲೆ. ಇದನ್ನು ನನಗೆ ಕಚೇರಿಯ ಸಿಪಾಯಿ ಹೇಳಿದ. ಕೇಳಿ ಸಿಟ್ಟು ಬಂತು, ಆದರೆ ಆಶ್ಚರ್ಯವಾಗಲಿಲ್ಲ.

ಕೆಲಸ ಕಲಿಸಿದವರೂ ಅವರೇ. ನನ್ನನ್ನು ಎಂದೂ ಏಕವಚನದಲ್ಲಿ ಮಾತಾಡಿಸಲಿಲ್ಲ, ಮರ್ಯಾದೆಯಿಂದ ಬಾಯಾರ ಎಂದೇ ಕರೆದರು. ಮೊದಲ ದಿನ ನನ್ನ ಮೇಜಿನ ಹತ್ತಿರ ನಿಂತು ಹೇಳಿದರು:

“ಬಾಯಾರ, ಇಲ್ಲೆ ಎರಡ ಮಾತು ನೆನಪಿಡ್ರಿ. ತಾರೀಖು ಇಲ್ದ ಕಾಗದ ಕೈಯಾಗ ಹಿಡೀಬ್ಯಾಡ್ರಿ. ತಿಳೀಲಾರದ ಶಬ್ದ ಬಂತು ಅಂದ್ರ ಟೈಪ್ ಮಾಡಬ್ಯಾಡ್ರಿ, ಕೇಳ್ರಿ. ಕೇಳಿದ್ರ ಯಾರೂ ಸಣ್ಣವರಾಗೂದಿಲ್ಲ.”

ಅಂದಿನಿಂದ ನಾನು ಶಾರ್ಟ್‌ಹ್ಯಾಂಡ್ ವಹಿಯ ಪ್ರತಿ ಪುಟದ ತಲೆಗೆ ತಾರೀಖು ಬರೆಯುವುದನ್ನು ರೂಢಿ ಮಾಡಿಕೊಂಡೆ.

ಏಕೀಕರಣವಾದ ಮೇಲೂ ಸ್ವಲ್ಪ ಕಾಲ ಹಳೆಯ ತೆರಿಗೆ ಕಾಯದೆಯೇ ನಡೆಯಿತು. ನಂತರ ಮೇಲಿನಿಂದ ಹುಕುಂ ಬಂತು: ಇಂಥ ತಿಂಗಳ ಒಂದನೇ ತಾರೀಖಿನಿಂದ ಹೊಸ ಕಾಯದೆ. ಬೆಳಗಾವಿಯ ಆಚೆ ಗಡಿಯಲ್ಲಿ ಹೊಸ ತಪಾಸಣೆ ನಾಕಾ ಆಗುತ್ತದೆ. ಗಡಿ ದಾಟುವ ಪ್ರತಿಯೊಂದು ಗಾಡಿಯೂ ತನ್ನಲ್ಲಿರುವ ಮಾಲು ಏನು, ಯಾರದು, ಎಲ್ಲಿಗೆ ಹೊರಟಿದೆ ಎಂಬ ಘೋಷಣಾ ಪತ್ರವನ್ನು ಮೂರು ಪ್ರತಿಗಳಲ್ಲಿ ತೋರಿಸಬೇಕು. ಪತ್ರದ ಫಾರಂಗಳನ್ನು ಸರ್ಕಾರವೇ ಅಚ್ಚು ಹಾಕಿಸಿ ನಮ್ಮಂಥ ಕಚೇರಿಗಳಿಗೆ ಕಳಿಸುತ್ತದೆ, ನಾವು ವ್ಯಾಪಾರಿಗಳಿಗೆ ಹಂಚಬೇಕು.

ಕೇಳಲು ಇದು ಸಣ್ಣ ವಿಷಯ. ಆದರೆ ಹುಬ್ಬಳ್ಳಿಯ ಪೇಟೆಗೆ ಮುಂಬಯಿ ಎಂದರೆ ಹೊರಗಿನ ಊರಾಗಿರಲಿಲ್ಲ. ಅರಳೆ, ಮೆಣಸಿನಕಾಯಿ, ಎಣ್ಣೆ, ವೀಳ್ಯದೆಲೆ ಎಲ್ಲವೂ ತಲೆಮಾರಿನಿಂದ ಅತ್ತಲೇ ಹೋಗುತ್ತಿದ್ದವು. ಈ ಬದಲಾವಣೆಯನ್ನು ತಿಳಿಸಲು ನಮ್ಮ ಸಾಹೇಬರು ವ್ಯಾಪಾರಿಗಳ ಸಭೆ ಕರೆದರು. ಸಾಹೇಬರು ಹಳೇ ಮೈಸೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದಿದ್ದರು. ಮೆಲುಮಾತಿನ, ಅಂಜುಬುರುಕ ಸ್ವಭಾವದ ಮನುಷ್ಯ. ನಾನು ಅವರ ಮಾತನ್ನು ಬರೆದುಕೊಳ್ಳಲು ಒಂದು ಪಕ್ಕಕ್ಕೆ ಕೂತಿದ್ದೆ.

“ಮಾನ್ಯರೇ, ಇನ್ನು ಮುಂದೆ ತಾವು ಮುಂಬಯಿಗೆ ಸರಕು ಕಳಿಸುವಾಗ ಅದನ್ನು ಅನ್ಯ ರಾಜ್ಯಕ್ಕೆ ಕಳಿಸಿದಂತೆ ಭಾವಿಸತಕ್ಕದ್ದು,” ಎಂದರು ಸಾಹೇಬರು.

ಹಿಂದಿನ ಸಾಲಿನಿಂದ ದಪ್ಪ ರುಮಾಲಿನ ಅರಳೆ ವ್ಯಾಪಾರಿಯೊಬ್ಬರು ಎದ್ದರು. “ಸಾಹೇಬ್ರ, ನನ್ನ ಮಗಳನ್ನ ಮುಂಬಯಿಗೆ ಕೊಟ್ಟೇನಿ. ಆಕೀಗೆ ಕುಪ್ಪಸ ಕಳಸಬೇಕಂದ್ರೂ ಫಾರಂ ತುಂಬಬೇಕೇನ್ರಿ?”

ಸಭೆ ನಕ್ಕಿತು. ಸಾಹೇಬರಿಗೆ ಕುಪ್ಪಸ ಎಂಬ ಮಾತಿನಿಂದ ಮುಜುಗರವಾಗಿರಬೇಕು, ನೀರು ಕುಡಿದರು. ರಾಯರು ಎದ್ದು ನಿಂತು, “ಮಾರಾಟದ ಮಾಲಿಗೆ ಅಷ್ಟ ರೀ. ಮಗಳಿಗೆ ನೀವು ಏನ್ ಬೇಕಾದ್ದು ಕಳಸ್ರಿ,” ಎಂದು ಸಭೆಯನ್ನು ಮತ್ತೆ ದಾರಿಗೆ ತಂದರು. ಆಮೇಲಿನ ಪ್ರಶ್ನೆಗಳಿಗೆಲ್ಲ ಅವರೇ ಉತ್ತರ ಕೊಟ್ಟರು. ಕೊನೆಗೆ ಒಬ್ಬರು ಕೇಳಿದರು: “ಎಲ್ಲಾ ಖರೇ. ಫಾರಂ ಎಲ್ಲಿ ಅವ?” ಇದಕ್ಕೆ ಮಾತ್ರ ರಾಯರು ಸಾಹೇಬರ ಮುಖ ನೋಡಿದರು. ಸಾಹೇಬರು, “ಬರ್ತಾ ಇವೆ,” ಎಂದರು.

ಒಂದನೇ ತಾರೀಖಿಗೆ ಹತ್ತು ಹನ್ನೆರಡು ದಿನ ಇರುವಾಗ ಮೇಲಿನ ಕಚೇರಿಯಿಂದ ಒಂದು ಪ್ರಶ್ನಾವಳಿ ಬಂತು. ಹೊಸ ಕಾಯದೆಗೆ ನಿಮ್ಮ ಕಚೇರಿ ಎಷ್ಟರಮಟ್ಟಿಗೆ ಸಿದ್ಧವಾಗಿದೆ ಎಂದು ತಿಳಿಸಬೇಕು. ವ್ಯಾಪಾರಿಗಳಿಗೆ ತಿಳಿವಳಿಕೆ ಕೊಡಲಾಗಿದೆಯೇ, ಸಿಬ್ಬಂದಿ ಕಾಯದೆ ಓದಿಕೊಂಡಿದ್ದಾರೆಯೇ, ಫಾರಂಗಳು ತಲುಪಿವೆಯೇ. ಸಾಹೇಬರು ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಉತ್ತರ ಹೇಳಿ ಬರೆಸಿದರು. ಫಾರಂಗಳ ಪ್ರಶ್ನೆ ಬಂದಾಗ ಮೊದಲು “ಫಾರಂಗಳು ಇನ್ನೂ ಬಂದಿಲ್ಲ, ಎದುರುನೋಡುತ್ತಿದ್ದೇವೆ” ಎಂಬರ್ಥದ ವಾಕ್ಯ ಹೇಳಿದರು. ನಾನು ಬರೆದುಕೊಂಡೆ. ಸಾಹೇಬರು ಕಿಟಕಿಯ ಕಡೆ ತಿರುಗಿದರು.

“ಅದನ್ನ ಹೊಡೆದುಹಾಕಿ. ಫಾರಂಗಳು ಬಂದಿವೆ, ಎಲ್ಲ ಸಿದ್ಧತೆ ಪೂರ್ಣವಾಗಿದೆ ಅಂತ ಹಾಕಿ.”

ನಾನು ತಲೆ ಎತ್ತಿ ನೋಡಿದೆ.

“ಕಾಗದ ಅಲ್ಲಿ ಮುಟ್ಟೋ ಹೊತ್ತಿಗೆ ಫಾರಂ ಇಲ್ಲಿ ಮುಟ್ಟಿರುತ್ತೆ. ಹಾಕಿ.”

ಮೊದಲ ವಾಕ್ಯದ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಎರಡನೆಯದನ್ನು ಬರೆದೆ. ಟೈಪ್ ಮಾಡಿಕೊಟ್ಟೆ. ಅವರು ಸಹಿ ಮಾಡಿದರು. ಕಾಗದ ಅದೇ ದಿನದ ಟಪಾಲಿಗೆ ಹೋಯಿತು.

ಫಾರಂಗಳು ಬರಲಿಲ್ಲ. ತಿಂಗಳ ಕೊನೆಯಲ್ಲಿ ಒಂದು ದೊಡ್ಡ ಕಟ್ಟು ಬಂತು. ಎಲ್ಲರೂ ಸುತ್ತ ನಿಂತು ಬಿಚ್ಚಿಸಿದೆವು. ಅದರಲ್ಲಿ ಬೇರೆ ಯಾವುದೋ ಇಲಾಖೆಯ ಪಾವತಿ ಪುಸ್ತಕಗಳಿದ್ದವು. ಸಾಹೇಬರು, ತಾವೇ ಹೋಗಿ ಫಾರಂ ತರುವುದಾಗಿ ಹೇಳಿ ಅಂದೇ ಬೆಂಗಳೂರಿನ ಗಾಡಿ ಹತ್ತಿದರು. ಹೇಗೂ ಅಲ್ಲಿ ಸಿದ್ಧತೆಯ ಬಗ್ಗೆಯೇ ಒಂದು ಸಭೆಯೂ ಇತ್ತು.

ಹೀಗೆ ಒಂದನೇ ತಾರೀಖು ಬಂದಾಗ ಕಚೇರಿಯಲ್ಲಿ ಸಾಹೇಬರಿಲ್ಲ, ಫಾರಂ ಇಲ್ಲ. ಗಡಿಯಲ್ಲಿ ನಾಕಾ ಮಾತ್ರ ಇತ್ತು.

ಮೂರನೇ ದಿನ ಬೆಳಿಗ್ಗೆ ಸವಣೂರಿನ ಎಲೆ ವ್ಯಾಪಾರಿಯೊಬ್ಬರು ಬಂದರು. ಬಿಳಿ ಗಡ್ಡದ ಹಿರಿಯ ಮುಸಲ್ಮಾನರು. ಸವಣೂರಿನ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಳಲ್ಲಿ ತುಂಬಿ ಲಾರಿಯಲ್ಲಿ ಮುಂಬಯಿ ಕಡೆ ಕಳಿಸುವುದು ಅವರ ತಂದೆಯ ಕಾಲದಿಂದ ನಡೆದ ವ್ಯಾಪಾರ. ಒಂದನೇ ತಾರೀಖು ಗಡಿಗೆ ಹೋದ ಅವರ ಲಾರಿಯನ್ನು ನಾಕಾದವರು ಫಾರಂ ಇಲ್ಲವೆಂದು ತಡೆದಿದ್ದರು. ಒಂದು ಹಗಲು, ಒಂದು ರಾತ್ರಿ ಅಲ್ಲೇ ನಿಂತು ಲಾರಿ ತಿರುಗಿ ಬಂದಿತ್ತು. ಅವರ ಕೈಯಲ್ಲೊಂದು ಬುಟ್ಟಿ. ಅದನ್ನು ರಾಯರ ಮೇಜಿನ ಹತ್ತಿರ ನೆಲದ ಮೇಲಿಟ್ಟು ಬಟ್ಟೆ ಬಿಡಿಸಿದರು. ಎಲೆಗಳು ಕಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ವಾಸನೆಗೆ ಪಕ್ಕದ ಗುಮಾಸ್ತ ಎದ್ದು ಹೋದ.

“ರಾಯರ, ಅರಳಿ ಕಾಯ್ತದ, ಮೆಣಸಿನಕಾಯಿ ಕಾಯ್ತದ. ಎಲಿ ಕಾಯೂದಿಲ್ರಿ. ಎಲಿ ಅಂದ್ರ ಹಾಲಿದ್ದಂಗ. ಇದಕ್ಕ ನಿಮ್ಮ ತೆರಿಗಿನೂ ಇಲ್ಲ ಅಂತ ಕೇಳೇನಿ. ಹೌದಿಲ್ಲೋ?”

“ಹೌದ್ರಿ. ಎಲಿಗೆ ತೆರಿಗಿ ಇಲ್ಲ,” ಎಂದರು ರಾಯರು.

“ಮತ್ತ ಯಾಕ ಹಿಡಿದ್ರಿ?”

“ತೆರಿಗಿ ಇಲ್ಲ ಅಂತ ಬರಕೊಡಾಕೂ ಅದs ಫಾರಂ ಬೇಕ್ರಿ.”

ಹಿರಿಯರು ಬುಟ್ಟಿಯ ಬಟ್ಟೆಯನ್ನು ಮತ್ತೆ ಮುಚ್ಚಿದರು. ನಾಳೆ ಇನ್ನೊಂದು ಲಾರಿ ಹೊರಡಬೇಕಾಗಿತ್ತು. ಎಲೆ ಈಗಾಗಲೇ ಬಳ್ಳಿಯಿಂದ ಇಳಿದಿತ್ತು. ಇಪ್ಪತ್ತು ಮೂವತ್ತು ಮನೆಯವರು ಕೊಯ್ದ ಎಲೆ ಅದು ಎಂದರು. ಆಮೇಲೆ ಬಾಗಿಲ ಹತ್ತಿರದ ಬೆಂಚಿನ ಮೇಲೆ ಹೋಗಿ ಕೂತರು. ಜಗಳ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ರಾಯರು ಬೆಂಗಳೂರಿಗೆ ಟ್ರಂಕ್ ಕಾಲ್ ಹಚ್ಚಿಸಿದರು. ಎರಡು ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ಸಾಹೇಬರು ಸಭೆಯಲ್ಲಿದ್ದಾರೆ ಎಂಬ ಉತ್ತರ ಬಂತು. ರಾಯರು ಕಪಾಟಿನಿಂದ ಹೊಸ ನಿಯಮಗಳಿದ್ದ ಸರ್ಕಾರಿ ಗ್ಯಾಝೆಟ್ ತೆಗೆದರು. ಕಚೇರಿಗೆಲ್ಲ ಅದೊಂದೇ ಪ್ರತಿ. ಕೊನೆಯ ಪುಟಗಳಲ್ಲಿ ಘೋಷಣಾ ಪತ್ರದ ನಮೂನೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಿಯಮವನ್ನು ಬೆರಳಿಟ್ಟು ಎರಡು ಸಲ ಓದಿದರು. ಬಳಿಕ ನನ್ನನ್ನು ಕರೆದರು.

“ಬಾಯಾರ, ಇಲ್ಲೆ ಏನ್ ಅಂದಾರ ನೋಡ್ರಿ. ಘೋಷಣಾ ಈ ನಮೂನ್ಯಾಗ ಇರಬೇಕು ಅಂದಾರ. ಸರ್ಕಾರಿ ಛಾಪಖಾನ್ಯಾಗs ಅಚ್ಚಾಗಿರಬೇಕು ಅಂತ ಎಲ್ಲೆರೆ ಅಂದಾರೇನು?”

ನಾನೂ ಓದಿದೆ. ಎಲ್ಲೂ ಹಾಗೆ ಬರೆದಿರಲಿಲ್ಲ.

“ನಾವ ಸೈಕ್ಲೋಸ್ಟೈಲ್ ಮಾಡಿದ್ರ?” ಎಂದು ಅವರು ತಮ್ಮಷ್ಟಕ್ಕೆ ಎಂಬಂತೆ ಕೇಳಿದರು. “ಆದ್ರ ಇಂಗ್ಲೀಷಿನ್ಯಾಗ ಮಾಡಿದ್ರ ಲಾರಿಯವರಿಗೆ ತುಂಬಾಕ ಬರೂದಿಲ್ಲ. ಕನ್ನಡ ಟೈಪ್‌ರೈಟರ್ ನಮ್ಮ ಹತ್ರ ಇಲ್ಲ.”

“ಕೈಲೆ ಕೊರೀತೀನ್ರಿ. ನನ್ನ ಅಕ್ಷರ ಛಲೋ ಅದಾವ,” ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಅಂಜಿಕೆಯಾಯಿತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ರಾಯರು ಬಾಗಿಲ ಹತ್ತಿರದ ಬೆಂಚಿನ ಕಡೆ ನೋಡಿದರು. ಒಂದು ಚೀಟಿ ತೆಗೆದುಕೊಂಡು, ನಮೂನೆಯನ್ನು ಕನ್ನಡಕ್ಕೆ ಇಳಿಸಿ ಪ್ರತಿ ಮಾಡಲು ನನಗೆ ಹುಕುಂ ಮಾಡಿರುವುದಾಗಿ ಬರೆದು, ಸಹಿ ಹಾಕಿ, ಕೆಳಗೆ ತಾರೀಖು ಹಾಕಿದರು. ಚೀಟಿಯನ್ನು ನನ್ನ ಕೈಗೆ ಕೊಟ್ಟು, “ಇದು ನಿಮ್ಮ ಹತ್ರ ಇರ್ಲಿ,” ಎಂದರು.

ಇಡೀ ಮಧ್ಯಾಹ್ನ ಅದೇ ಕೆಲಸ. ಅವರು ಶಬ್ದ ಹೇಳುವುದು, ನಾನು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಬರೆಯುವುದು. ಒತ್ತಿದರೆ ಹಾಳೆ ಹರಿಯುತ್ತದೆ, ಹಗುರಾಗಿ ಬರೆದರೆ ಶಾಯಿ ಇಳಿಯುವುದಿಲ್ಲ. ಎರಡು ಹಾಳೆ ಹಾಳಾದವು. ಮಾಲನ್ನು ಯಾರಿಗೆ ಕಳಿಸುತ್ತಾರೋ ಅವರಿಗೆ ಇಂಗ್ಲಿಷಿನಲ್ಲಿ ಒಂದು ಶಬ್ದವಿತ್ತು, ಕನ್ನಡದಲ್ಲಿ ಹೊಳೆಯಲಿಲ್ಲ. ರಾಯರು ಸಂಸ್ಕೃತದ್ದೊಂದು ಉದ್ದ ಶಬ್ದ ಹೇಳಿದರು. ನಾನು ಬರೆಯದೆ ಕೂತೆ.

“ಯಾಕ್ರಿ?”

“ನನಗs ತಿಳೀಲಿಲ್ರಿ. ಲಾರಿಯವರಿಗೆ ಹೆಂಗ ತಿಳೀತದ?”

ಅವರು ಬೆಂಚಿನ ಮೇಲಿದ್ದ ಹಿರಿಯರನ್ನು ಕೂಗಿ ಕೇಳಿದರು: “ಸಾಹೇಬ್ರ, ಮುಂಬಯಿಯೊಳಗ ನಿಮ್ಮ ಎಲಿ ಯಾರ ಹತ್ರ ಹೋಗ್ತದಲ್ಲಾ, ಅವರಿಗೆ ನೀವು ಏನಂತೀರಿ?”

“ಮಾಲು ಇಳಿಸ್ಕೊಳ್ಳಾವ್ರು ಅಂತೀವ್ರಿ. ಮತ್ತೇನಂತಾರ?”

“ಮಾಲು ಇಳಿಸಿಕೊಳ್ಳುವವರ ಹೆಸರು” ಎಂದೇ ಬರೆದೆ.

ಸಿಪಾಯಿ ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸಿದ. ನನ್ನ ಅಕ್ಷರಗಳು ಹಾಳೆಯ ಮೇಲೆ ಹಾಳೆಯಾಗಿ ಹೊರಬಂದವು. ಸುದ್ದಿ ಪೇಟೆಗೆ ಹೇಗೆ ಮುಟ್ಟಿತೋ, ಕಚೇರಿ ಮುಚ್ಚುವ ಹೊತ್ತಿಗೆ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ರಾಯರು ಪ್ರತಿ ಫಾರಂನ ಮೂಲೆಯಲ್ಲಿ ಸಹಿ ಮಾಡಿ ಕೊಟ್ಟರು. ಅಂದು ಅವರಿಗೆ ಸಂಜೆಯ ಗಾಡಿ ತಪ್ಪಿತು.

ಮರುದಿನ ಬೆಳಿಗ್ಗೆ ಅವರು ಒಂದು ದಿನದ ರಜೆಯ ಅರ್ಜಿ ಬರೆದು ಮೇಜಿನ ಮೇಲಿಟ್ಟು, ಎಲೆಯ ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ನಾಕಾಕ್ಕೆ ಹೊರಟರು. ಕೈಬರಹದ ಫಾರಂ ನೋಡಿ ಅಲ್ಲಿಯವರು ಮತ್ತೆ ತಡೆದರೆ ಏನು ಗತಿ ಎಂಬುದೇ ಅವರ ಚಿಂತೆ. ಕಂಕುಳಲ್ಲಿ ಗ್ಯಾಝೆಟ್, ಕೈಯಲ್ಲಿ ತಂಬಿಗೆ. ಅಲ್ಲಿ ಏನಾಯಿತೆಂಬುದನ್ನು ನನಗೆ ಎಲೆ ವ್ಯಾಪಾರಿ ಆಮೇಲೆ ಹೇಳಿದರು. ನಾಕಾದ ತರುಣ ಇನ್‌ಸ್ಪೆಕ್ಟರ್ ಫಾರಂ ತಿರುವಿ ಮುರುವಿ ನೋಡಿ, “ಇದು ಯಾವ ಸರ್ಕಾರದ್ದು?” ಎಂದನಂತೆ. ರಾಯರು ಗ್ಯಾಝೆಟ್ ಬಿಡಿಸಿ ಒಂದೊಂದೇ ಕಲಮನ್ನು ಫಾರಂಗೆ ತಾಳೆ ಹಾಕಿ ತೋರಿಸಿದರಂತೆ. ಬಿಸಿಲಲ್ಲಿ ಒಂದು ತಾಸು ವಾದ. ಕೊನೆಗೆ ಇನ್‌ಸ್ಪೆಕ್ಟರ್, ತೊಂದರೆಯಾದರೆ ಹೊಣೆ ನಿಮ್ಮದು ಎಂದು ಬರೆಸಿಕೊಂಡು ಅಡ್ಡಗಂಬ ಎತ್ತಿಸಿದ. ರಾಯರು ಬರೆದುಕೊಟ್ಟರು. ಲಾರಿ ದಾಟಿತು. ಅದರ ಹಿಂದೆ ನಿಂತಿದ್ದ ಹುಬ್ಬಳ್ಳಿಯ ಗಾಡಿಗಳೆಲ್ಲ ಅದೇ ಫಾರಂ ತೋರಿಸಿ ದಾಟಿದವು.

ನಮ್ಮ ಫಾರಂ ಐದಾರು ವಾರ ನಡೆಯಿತು. ಈ ನಡುವೆ ಸಾಹೇಬರು ಬೆಂಗಳೂರಿನಿಂದ ಬರಿಗೈಯಲ್ಲಿ ತಿರುಗಿ ಬಂದರು. ಮೇಜಿನ ಮೇಲಿದ್ದ ಫಾರಂ ನೋಡಿದ್ದೇ ಮುಖ ಬಿಳುಪೇರಿತು.

“ಏನ್ರೀ ಇದು ರಾಯರೇ! ಫಾರಂ ಬಂದಿವೆ ಅಂತ ನಾನು ಬರೆದುಕೊಟ್ಟಿದ್ದೀನಿ. ಇದನ್ನ ಅಲ್ಲಿ ಯಾರಾದರೂ ನೋಡಿದರೆ ನನ್ನ ಗತಿ ಏನು?”

“ನೀವು ಹಂಗ ಬರದದ್ದು ನನಗ ಗೊತ್ತಿದ್ದಿಲ್ರಿ ಸಾಹೇಬ್ರ,” ಎಂದರು ರಾಯರು. ಅದು ನಿಜ. ನನಗೆ ಗೊತ್ತಿತ್ತು, ನಾನು ಯಾರಿಗೂ ಹೇಳಿರಲಿಲ್ಲ.

ಅಚ್ಚಾದ ಫಾರಂಗಳು ಕೊನೆಗೂ ಬಂದವು. ಅವುಗಳ ಹಿಂದೆಯೇ ಒಂದು ನೋಟೀಸೂ ಬಂತು. ನಾಕಾದಿಂದ ನಮ್ಮ ಫಾರಂನ ಪ್ರತಿಯೊಂದು ಮೇಲಿನವರೆಗೆ ಹೋಗಿತ್ತು. ಕಚೇರಿಯಲ್ಲಿ ಅಚ್ಚಾದ ಫಾರಂಗಳು ಇರುವಾಗಲೇ ಅಧಿಕಾರವಿಲ್ಲದೆ ಸರ್ಕಾರಿ ಫಾರಂ ತಯಾರಿಸಿ ಹಂಚಿದ ಬಗ್ಗೆ ಹೆಡ್ ಕ್ಲಾರ್ಕ್ ಮೇಲೆ ವಿಚಾರಣೆ. ವಿಚಾರಣೆಗೆ ಒಬ್ಬ ಹಿರಿಯ ಅಧಿಕಾರಿ ಬರುತ್ತಾರೆ. ಫಾರಂ ಬರೆದವರೂ ಹಾಜರಿರಬೇಕು.

ನನ್ನ ಹತ್ತಿರ ರಾಯರ ಚೀಟಿ ಇತ್ತು, ನನಗೇನೂ ಆಗುವಂತಿರಲಿಲ್ಲ. ಆದರೆ “ಫಾರಂಗಳು ಇರುವಾಗಲೇ” ಎಂಬ ಮಾತು ಸುಳ್ಳು ಎಂಬುದಕ್ಕೆ ಸಾಕ್ಷಿ ನನ್ನ ಶಾರ್ಟ್‌ಹ್ಯಾಂಡ್ ವಹಿಯಲ್ಲಿತ್ತು. ಅಡ್ಡಗೆರೆ ಎಳೆದ ವಾಕ್ಯ, ಅದರ ಕೆಳಗಿನ ವಾಕ್ಯ, ಪುಟದ ತಲೆಗೆ ತಾರೀಖು. ವಿಚಾರಣೆಯ ಹಿಂದಿನ ದಿನ ಸಂಜೆ ಮನೆಯಲ್ಲಿ ಇದನ್ನು ಹೇಳಿದೆ. ಅಪ್ಪ ಕೈಗೆ ಹತ್ತಿದ ಎಣ್ಣೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿಕೊಳ್ಳುತ್ತ ಕೇಳಿದ.

“ಯಾರ ಹುಕುಂಲೆ ಬರದಿ ಅಂತ ಕೇಳ್ತಾರ. ರಾಯರದು ಅನ್ನು, ಚೀಟಿ ತೋರ್ಸು. ಮುಗೀತು. ಅದರ ಮ್ಯಾಲೆ ಯಾಕ ಹೋಗ್ತಿ?”

“ಮತ್ತ ಅವರಿಗೆ ಶಿಕ್ಷಾ ಆಕ್ಕತಿ.”

“ಆಗ್ಲಿ. ನೀ ಮುಟ್ಟಿದ ಕೊಡದ ನೀರು ಕುಡಿಯಾಂಗಿಲ್ಲ ಅಂವ. ಅಂವನ ಸಲುವಾಗಿ ನಿನ್ನ ನೌಕ್ರಿ ಕಳಕೊಂತಿ?”

ಅವ್ವ ಒಲೆಯ ಮುಂದಿನಿಂದಲೇ, “ಆಕಿ ಖರೇ ಹೇಳಿದ್ರ ನೌಕ್ರಿ ಯಾಕ ಹೊಕ್ಕತಿ?” ಎಂದಳು. ಅಪ್ಪ ನಕ್ಕುಬಿಟ್ಟ. ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದವನಿಗೆ ಆ ಪ್ರಶ್ನೆಯ ಉತ್ತರ ಗೊತ್ತಿತ್ತು. ಅವನು ಮತ್ತೆ ಆ ಮಾತು ಎತ್ತಲಿಲ್ಲ; ವಹಿ ಒಯ್ಯಬೇಡ ಎಂದೂ ಅನ್ನಲಿಲ್ಲ. ಬೆಳಿಗ್ಗೆ ನಾನು ವಹಿಯನ್ನು ಚೀಲಕ್ಕೆ ಹಾಕಿಕೊಂಡೆ.

ವಿಚಾರಣೆಯ ಅಧಿಕಾರಿ ಸಾಹೇಬರ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ನರೆತ ಕೂದಲು, ದಪ್ಪ ಕನ್ನಡಕ. ಮೊದಲು ಒಂದು ಬಿಳಿ ಹಾಳೆ ಕೊಟ್ಟು “ಮಾಲು ಇಳಿಸಿಕೊಳ್ಳುವವರ ಹೆಸರು” ಎಂದು ಬರೆಯಲು ಹೇಳಿದರು. ಬರೆದೆ. ಫಾರಂನ ಪಕ್ಕಕ್ಕೆ ಇಟ್ಟು ನೋಡಿದರು.

“ಅಕ್ಷರ ಚೆನ್ನಾಗಿದೆ. ಯಾರು ಬರೆಸಿದ್ದು?”

ಚೀಟಿ ಕೊಟ್ಟೆ. ಓದಿ ಫೈಲಿಗೆ ಸೇರಿಸಿದರು. “ಸರಿ, ಹೋಗಬಹುದು.”

ನಾನು ಹೋಗಲಿಲ್ಲ. “ಆವಾಗ ಅಚ್ಚಾದ ಫಾರಂ ಒಂದೂ ಬಂದಿದ್ದಿಲ್ರಿ. ಸಾಹೇಬರಿಗೂ ಗೊತ್ತಿತ್ತು,” ಎಂದು ವಹಿ ತೆಗೆದು ಆ ಪುಟ ಬಿಡಿಸಿ ಮುಂದಿಟ್ಟೆ. ಅವರಿಗೆ ಶಾರ್ಟ್‌ಹ್ಯಾಂಡ್ ಬರುತ್ತಿರಲಿಲ್ಲ. ಓದು ಎಂದರು. ಹೊಡೆದುಹಾಕಿದ ವಾಕ್ಯವನ್ನೂ ಅದರ ಕೆಳಗಿನದನ್ನೂ ಓದಿದೆ. 

ಅವರು ಬಹಳ ಹೊತ್ತು ಆ ಪುಟವನ್ನೇ ನೋಡಿದರು, ಓದಲು ಬರುವವರಂತೆ. ಆಮೇಲೆ ವಹಿ ಮುಚ್ಚಿದರು.

“ನಿನ್ನ ಕೆಲಸ ಕಾಯಂ ಆಗಿದೆಯೇನಮ್ಮಾ?”

“ಇಲ್ರಿ.”

“ಹಾಗಾದರೆ ಇದನ್ನ ಮನೆಗೆ ತೆಗೆದುಕೊಂಡು ಹೋಗು. ನಾನು ಇದರ ಬಗ್ಗೆ ನಿನ್ನನ್ನ ಏನೂ ಕೇಳಿಲ್ಲ.”

ಹೊರಗೆ ಬಂದೆ. ರಾಯರು ತಮ್ಮ ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದರು. ನನ್ನ ಕೈಯಲ್ಲಿದ್ದ ವಹಿಯನ್ನು ನೋಡಿದರು. ನಾನು ಅದನ್ನು ಚೀಲಕ್ಕೆ ಹಾಕಿ ನನ್ನ ಮೇಜಿಗೆ ಹೋದೆ.

ತೀರ್ಮಾನ ಎರಡು ತಿಂಗಳ ಮೇಲೆ ಬಂತು. ರಾಯರಿಗೆ ಒಂದು ವರ್ಷದ ಬಡ್ತಿ ತಡೆ, ಸರ್ವಿಸ್ ಪುಸ್ತಕದಲ್ಲಿ ಎಚ್ಚರಿಕೆ, ಗಡಿಯ ನಾಕಾಕ್ಕೆ ವರ್ಗ. ನನಗೆ ಏನೂ ಇಲ್ಲ. ಸಾಹೇಬರಿಗೂ ಏನೂ ಇಲ್ಲ. ಕೆಲಸದಿಂದ ತೆಗೆದುಹಾಕುವಷ್ಟು ದೊಡ್ಡ ಆಪಾದನೆಯನ್ನು ಆ ಅಧಿಕಾರಿ ಇಷ್ಟಕ್ಕೆ ಇಳಿಸಿದರು, ಅದೇ ದೊಡ್ಡದು ಎಂದು ಕೆಲವರು ಅಂದರು. ನನ್ನ ವಹಿಯಿಂದ ಹಾಗಾಯಿತೋ, ಅವರ ಸ್ವಭಾವವೇ ಹಾಗಿತ್ತೋ, ನನಗೆ ಗೊತ್ತಿಲ್ಲ.

ಹೋಗುವ ದಿನ ರಾಯರು ಎಲ್ಲ ಫೈಲುಗಳ ಪಟ್ಟಿ ಮಾಡಿ ಹೊಸಬರಿಗೆ ಒಪ್ಪಿಸಿದರು. ನನ್ನ ಮೇಜಿನ ಹತ್ತಿರ ನಿಂತು, “ಬಾಯಾರ, ಇಲಾಖೆ ಪರೀಕ್ಷಾಕ್ಕ ಕೂಡ್ರಿ. ಟೈಪ್ ಮಾಡಕೋತ ಕೂಡಬ್ಯಾಡ್ರಿ,” ಎಂದರು. ಅಷ್ಟೇ. ಅವರು ಮೆಟ್ಟಿಲು ಇಳಿದು ಹೋದ ಮೇಲೆ, ಇಡೀ ವಿಚಾರಣೆಯಲ್ಲಿ ಬಾರದ ಅಳು ಬಂತು. ಟೈಪ್‌ರೈಟರಿನ ಮೇಲೆ ಬಗ್ಗಿ ರಿಬ್ಬನ್ ಸರಿಮಾಡುವವಳಂತೆ ಕೂತೆ.

ಪರೀಕ್ಷೆಗೆ ಕೂತೆ. ಎರಡನೆಯ ಸಲ ಪಾಸಾದೆ. ಸಾಹೇಬರು ಬಡ್ತಿಯ ಮೇಲೆ ಬೇರೆ ಊರಿಗೆ ಹೋದರು. ಹೋಗುವಾಗ ನನ್ನ ಕೆಲಸ ಕಾಯಂ ಮಾಡುವ ಶಿಫಾರಸಿನ ಮೇಲೆ ಸಹಿ ಹಾಕಿಯೇ ಹೋದರು. ವಹಿಯ ಸಂಗತಿ ಅವರಿಗೆ ತಿಳಿದಿತ್ತೋ ಇಲ್ಲವೋ. ನಾಕಾದ ಸುದ್ದಿ ಎಲೆ ವ್ಯಾಪಾರಿಯಿಂದ ಆಗಾಗ ಬರುತ್ತಿತ್ತು. ಕರಿ ಟೊಪ್ಪಿಗೆಯ ರಾಯರು ಕೂತ ದಿನ ಗಾಡಿಗಳು ಲಗೂ ದಾಟುತ್ತವೆ, ಓದಲು ಬಾರದ ಡ್ರೈವರುಗಳಿಗೆ ಅವರೇ ಫಾರಂ ತುಂಬಿಕೊಡುತ್ತಾರೆ ಎಂದು ಹೇಳುತ್ತಿದ್ದರು. ಹೆಂಡತಿ ಮಕ್ಕಳು ಧಾರವಾಡದಲ್ಲಿ, ಅವರೊಬ್ಬರೇ ಗಡಿಯ ಹಳ್ಳಿಯಲ್ಲಿ ಕೋಣೆ ಹಿಡಿದು ಕೈಯಡುಗೆ ಮಾಡಿಕೊಂಡಿದ್ದರಂತೆ. ಪೆನ್ಷನ್ ಆಗುವವರೆಗೂ ಅವರನ್ನು ಅಲ್ಲಿಂದ ಯಾರೂ ಕದಲಿಸಲಿಲ್ಲ.

ಅರವತ್ತರ ದಶಕದ ನಡುವೆ, ನಾನು ಆಗಲೇ ಇನ್‌ಸ್ಪೆಕ್ಟರ್ ಆಗಿದ್ದೆ, ಕೆಲಸದ ಮೇಲೆ ಧಾರವಾಡಕ್ಕೆ ಹೋದಾಗ ಬಜಾರದಲ್ಲಿ ಅವರು ಎದುರಾದರು. ಬಹಳ ಇಳಿದುಹೋಗಿದ್ದರು. ಗುರುತು ಹಿಡಿದು ನಿಂತರು. ನಾನು ಇನ್‌ಸ್ಪೆಕ್ಟರ್ ಎಂದು ಕೇಳಿ, “ಭಾಳ ಛಲೋ ಆತು, ಭಾಳ ಛಲೋ ಆತು,” ಎಂದು ಎರಡು ಸಲ ಅಂದರು. ಮನೆಗೆ ಬರಬೇಕೆಂದು ಒತ್ತಾಯ ಮಾಡಿದರು. ಹೋಗಲು ಮನಸ್ಸಿರಲಿಲ್ಲ. ಆದರೂ ಹೋದೆ.

ಮುಂದಿನ ಪಡಸಾಲೆಯಲ್ಲಿ ಕೂತೆವು. ಅವರ ಹೆಂಡತಿ ಚಹಾ ತಂದುಕೊಟ್ಟರು. ಕಪ್ಪು ಬೇರೆಯದೋ ಮನೆಯದೋ ನಾನು ನೋಡಲು ಹೋಗಲಿಲ್ಲ. ಒಳಗೆ ಬರ್ರಿ ಎಂದು ಅವರು ಕರೆಯಲಿಲ್ಲ, ನಾನೂ ಅದನ್ನು ನಿರೀಕ್ಷಿಸಿರಲಿಲ್ಲ. ಸ್ವಲ್ಪ ಹೊತ್ತು ಹಳೆಯ ಕಚೇರಿಯ ಮಾತಾಯಿತು. ನನಗೆ ತಡೆಯಲಾಗಲಿಲ್ಲ.

“ರಾಯರ, ಸಾಹೇಬರು ಫಾರಂ ಬಂದಾವ ಅಂತ ಬರಿಸಿದ್ದು ನನಗ ಮೊದಲs ಗೊತ್ತಿತ್ತು. ನಿಮಗ ಹೇಳಬೇಕಿತ್ತು. ಹೇಳಿದ್ರ ನೀವು ಸಿಗಬೀಳತಿದ್ದಿಲ್ಲ.”

 “ಹೇಳಿದ್ರೂ ಫಾರಂ ಮಾಡಬೇಕಾಗತಿತ್ತಲ್ರಿ,” ಎಂದರು. “ಎಲಿ ಕೊಳೀತಿದ್ವು. ಆದ್ರ ಒಂದು ಖರೇ. ಅಲ್ಲೆ ಒಬ್ಬನs ಮೂರು ವರ್ಷ ಇದ್ದೆ ನೋಡ್ರಿ, ಅದು ಭಾಳ ಬ್ಯಾಸರ ಆಗಿತ್ತು. ಮಗಳು ಬೆಳೆಯೂದು ನೋಡಾಕ ಸಿಗಲಿಲ್ಲ.”

ಆಮೇಲೆ ಅವರು ಒಳಗೆ ತಿರುಗಿ ಮಗಳನ್ನು ಕರೆದರು. ಹದಿನೆಂಟರ ಹುಡುಗಿ ಬಾಗಿಲ ಚೌಕಟ್ಟಿಗೆ ಆತು ನಿಂತಳು. ಎಸ್ಸೆಸ್ಸೆಲ್ಸಿ ಮುಗಿದಿದೆ, ನೌಕರಿ ಮಾಡುತ್ತೇನೆ ಎನ್ನುತ್ತಾಳೆ, ತಾಯಿಗೆ ಒಪ್ಪಿಗೆಯಿಲ್ಲ, ನೌಕರಿ ಹೇಗಿರುತ್ತದೆಂದು ಇವಳಿಗೆ ನೀವೊಂದು ಮಾತು ತಿಳಿಸಿ ಹೇಳಿ ಎಂದರು. ಹುಡುಗಿ ನನ್ನ ಚೀಲವನ್ನೂ ವಾಚನ್ನೂ ನೋಡಿದಳು. ಕಚೇರಿಯಲ್ಲಿ ಗಂಡಸರ ನಡುವೆ ಒಬ್ಬಳೇ ಕೂಡಲು ಅಂಜಿಕೆ ಬರುವುದಿಲ್ಲವೇ ಎಂದು ಕೇಳಿದಳು. ಮೊದಲ ವರ್ಷ ಬರುತ್ತದೆ ಎಂದೆ. ಟೈಪಿಂಗ್ ಎಷ್ಟು ತಿಂಗಳಲ್ಲಿ ಬರುತ್ತದೆ, ಶಾರ್ಟ್‌ಹ್ಯಾಂಡ್ ಕಲಿತೇ ತೀರಬೇಕೇ, ಪರೀಕ್ಷೆಗೆ ಏನು ಓದಬೇಕು, ಒಂದೊಂದೇ ಕೇಳುತ್ತ ಬಾಗಿಲು ಬಿಟ್ಟು ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು. ನಾನು ಅರ್ಧ ತಾಸು ಎಲ್ಲವನ್ನೂ ಹೇಳಿದೆ. ಹುಬ್ಬಳ್ಳಿಯ ಬಸ್ಸಿಗೆ ಹೊತ್ತಾಗಿತ್ತು. ಮುಂದಿನ ವರ್ಷ ಅವಳು ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳೆಂದು ಕೇಳಿದೆ.